ಚೆರ್ರಿ ಹೂವಿನ ಹೊತ್ತಲ್ಲಿ ಕಾರಿನಲ್ಲಿ ವಾಷಿಂಗ್ಟನ್ ಡಿಸಿಗೆ ಹೋಗುವವರಿಗೆ

ಕಾರನ್ನು ಊರೊಳಗೆ ತರಲೇಬೇಡಿ. ಪಶ್ಚಿಮದಿಂದ ಬರುವವರು ವಿಯೆನ್ನಾ ಮೆಟ್ರೊ ನಿಲ್ದಾಣದಲ್ಲಿ ನಿಲ್ಲಿಸಿ ಆರೆಂಜ್ ಲೈನ್ ಹಿಡಿದರೆ ನೇರ ಊರ ನಡುವಿನ ಸ್ಮಿತ್‌ಸೋನಿಯನ್ ನಿಲ್ದಾಣದಲ್ಲಿ ಇಳಿಯಬಹುದು. ಬೆಲ್ಟ್‌ವೇ (ಊರ ಸುತ್ತಲಿನ ವರ್ತುಲ ಹೆದ್ದಾರಿ) ಒಳಗಿನ ಐ-66 ಹೆದ್ದಾರಿಯ ಟೋಲೂ ತಪ್ಪುತ್ತದೆ. ಉತ್ತರದ ಶೇಡಿ ಗ್ರೋವ್‌ನಿಂದಾದರೆ ಮೆಟ್ರೊ ಸೆಂಟರಿನಲ್ಲಿ ರೈಲು ಬದಲಿಸಬೇಕು. ಮೆಟ್ರೊ ಪ್ರಯಾಣದ ಕಾರ್ಡ್ ತಲೆಗೊಂದು ಬೇಕು, ಒಂದರಲ್ಲೇ ಇಬ್ಬರು ಹೋಗಲಾಗದು.

ಕಾರು ತಂದೇ ತರುತ್ತೀರಾದರೆ ರಸ್ತೆಬದಿ ಕಂಬದ ಪಾರ್ಕಿಂಗ್ ಬೋರ್ಡುಗಳನ್ನು ಮೇಲಿಂದ ಕೆಳಗಿನವರೆಗೆ ಎಲ್ಲವನ್ನೂ ಓದಿ. ಒಂದೇ ಕಂಬಕ್ಕೆ ಮೂರ್ನಾಲ್ಕು ಇರುತ್ತವೆ. ಎರಡು ಗಂಟೆ ನಿಲ್ಲಿಸಬಹುದು ಎಂಬುದನ್ನಷ್ಟೇ ನೋಡಿ, ಸಂಜೆ 4ರಿಂದ 6.30 ನಿಷೇಧ ಎಂಬುದನ್ನು ಬಿಟ್ಟವರ ಗಾಡಿ ಟೋ ಆಗುತ್ತದೆ.

ಹೂವು ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ. ಯೋಶಿನೊ ಜಾತಿಯ ಚೆರ್ರಿ ಮರಗಳ 70% ಮೊಗ್ಗು ಅರಳಿದ ದಿನವನ್ನು ಪೀಕ್ ಅನ್ನುತ್ತಾರೆ. ಆಮೇಲೆ ಒಂದು ಜೋರು ಮಳೆಗಾಳಿ ಸಾಕು, ಎಲ್ಲ ನೆಲಕ್ಕೆ. ಅದಕ್ಕೇ ರದ್ದು ಮಾಡಬಹುದಾದ ಹೋಟೆಲ್ ರೂಮನ್ನೇ ಹಿಡಿಯಿರಿ. ಚೆರ್ರಿ ಮರಗಳಿರುವ ಟೈಡಲ್ ಬೇಸಿನ್ ಕೊಳಕ್ಕೆ ಸೂರ್ಯೋದಯಕ್ಕೇ ಹೋಗಿ; ಸುತ್ತು ಸುಮಾರು 3 ಕಿ.ಮೀ. ಬಿಸಿಲೇರುವ ಹೊತ್ತಿಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ಮ್ಯೂಸಿಯಂ. ಪ್ರವೇಶ ಉಚಿತವಾದರೂ ಏರ್ ಆ್ಯಂಡ್ ಸ್ಪೇಸ್ (ವಿಮಾನ, ಬಾಹ್ಯಾಕಾಶ) ಮ್ಯೂಸಿಯಂಗೆ ಸಮಯ ನಿಗದಿಯಾದ ಪಾಸ್ ಮೊದಲೇ ಕಾದಿರಿಸಿ. ನೀರಿನ ಮೇಲಿನ ಗಾಳಿ ಬೆಳಗ್ಗೆ ಚಳಿ ಹಿಡಿಸುತ್ತದೆ, ಜಾಕೆಟ್ ಇರಲಿ.