ಡಾಕ್ಟರ್ ಕೈಗೆ ಅಕ್ಯುಪಂಕ್ಚರ್ ಸೂಜಿ: ನನ್ನ ಅನುಭವ

ನಾನು ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಅಕ್ಯುಪಂಕ್ಚರ್ ಕಲಿಯುತ್ತೇನೆ ಎಂದಾಗ ಮೈಸೂರಿನಲ್ಲಿರುವ ಹಳೇ ಕ್ಲಾಸ್‌ಮೇಟ್ ಫೋನಿನಲ್ಲೇ ನಕ್ಕ. "ಏನಯ್ಯ, ಎಂಬಿಬಿಎಸ್ ಮುಗಿಸಿ ಸೂಜಿ ಚುಚ್ಚೋಕೆ ಹೊರಟ್ಯಾ? ಅದಕ್ಕೆ ಲೈಸೆನ್ಸ್ ಯಾರು ಕೊಡ್ತಾರೆ?"

ಯಾರೂ ಕೊಡುವುದಿಲ್ಲ. ಇಲ್ಲಿ ಸೂಜಿ ಚುಚ್ಚುವ ಅಂಗಡಿ ತೆರೆಯುವವರು ಸಾಮಾನ್ಯವಾಗಿ 1982ರ ಕಾಯ್ದೆಯಂತೆ ಸ್ಥಳೀಯ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು. ಹಚ್ಚೆ ಹಾಕುವವರು, ಕಿವಿ ಚುಚ್ಚುವವರು ಕೂಡ ಅದೇ ಕಾಯ್ದೆಯಡಿ ಬರುತ್ತಾರೆ. ನೋಂದಾಯಿತ ಡಾಕ್ಟರಿಗೆ ಅದರಿಂದ ವಿನಾಯಿತಿ ಇದೆ. ಇಷ್ಟು ಸಲೀಸಾದ ಬಾಗಿಲು ನನಗೆ ಹಿಡಿಸಲಿಲ್ಲ. ಕಲಿಯದ ಕೆಲಸಕ್ಕೆ ಕೈ ಹಾಕಬಾರದು ಎಂದು ಇಲ್ಲಿನ ಡಾಕ್ಟರುಗಳ ನಿಯಂತ್ರಣ ಸಂಸ್ಥೆ ಜನರಲ್ ಮೆಡಿಕಲ್ ಕೌನ್ಸಿಲ್ ಹೇಳುತ್ತದೆ, ಸರಿ. ಆದರೆ ಎಷ್ಟು ಕಲಿತರೆ ಸಾಕು? ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ, ಅಲೋಪತಿ ಡಾಕ್ಟರು ತಮ್ಮ ಪ್ರಾಕ್ಟೀಸಿನಲ್ಲಿ ಸೀಮಿತವಾಗಿ ಬಳಸಲು 200 ಗಂಟೆ ತರಬೇತಿ ಎನ್ನುತ್ತದೆ. ಬ್ರಿಟನ್ನಿನಲ್ಲಿ ಅದು ಕಡ್ಡಾಯವಲ್ಲ.

ನಾನು ಬ್ರಿಟಿಷ್ ಮೆಡಿಕಲ್ ಅಕ್ಯುಪಂಕ್ಚರ್ ಸೊಸೈಟಿಯ ಕೋರ್ಸ್ ಸೇರಿದೆ. 1980ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಚೀನೀ ಸಂಪ್ರದಾಯದ ಯಿನ್-ಯಾಂಗ್ ಪಾಠ ಜಾಸ್ತಿ ಇರಲಿಲ್ಲ, ನರ ಮತ್ತು ಸ್ನಾಯುಗಳದ್ದೇ ಮಾತು. ನನಗೆ ಅದೇ ಬೇಕಿತ್ತು.

ನಿಜವಾಗಿ ಬೆವರಿಳಿಸಿದ್ದು ಹೆಗಲು. ಕತ್ತು ನೋವಿನವರು ಬೆರಳಿಟ್ಟು ತೋರಿಸುವ ಜಾಗದ ಕೆಳಗೇ ಶ್ವಾಸಕೋಶದ ತುದಿ ಇದೆ. ತೆಳ್ಳಗಿನವರ ಎದೆ-ಬೆನ್ನಿನ ಕೆಲವು ಕಡೆ ಚರ್ಮದಿಂದ ಶ್ವಾಸಕೋಶದ ಪೊರೆಗೆ 10–20 ಮಿಲಿಮೀಟರ್ ಅಷ್ಟೇ. ನನ್ನ ಸೂಜಿಯೇ 30 ಮಿಲಿಮೀಟರ್! ಅದಕ್ಕೇ ಅಲ್ಲಿ ಸ್ನಾಯುವನ್ನು ಬೆರಳುಗಳಿಂದ ಹಿಡಿದು ಮೇಲೆತ್ತಿ, ಅಡ್ಡಡ್ಡ ಚುಚ್ಚುತ್ತೇನೆ. ಮೊದಲ ಸಲ ಬಂದವರನ್ನು ಮಲಗಿಸಿಯೇ ಚುಚ್ಚುವುದು, ಕೂತಿದ್ದರೆ ತಲೆ ಸುತ್ತಿ ಬೀಳುವವರಿದ್ದಾರೆ. ಹಾಕಿದ ಸೂಜಿಗಳ ಲೆಕ್ಕ ಬರೆದಿಟ್ಟು, ತೆಗೆದಾಗ ಮತ್ತೆ ಎಣಿಸುತ್ತೇನೆ. ಒಪ್ಪಿಗೆ ಪಡೆಯುವಾಗ ಶ್ವಾಸಕೋಶಕ್ಕೆ ಸೂಜಿ ತಗುಲುವ ಅಪಾಯವನ್ನೂ ಬಿಡದೆ ಹೇಳುತ್ತೇನೆ. ಕೆಲವರು ಆಗಲೇ ಬೇಡ ಅನ್ನುತ್ತಾರೆ. ಅನ್ನಲಿ. ಇಲ್ಲಿನ ಡಾಕ್ಟರು ಮತ್ತು ಫಿಸಿಯೋಥೆರಪಿಸ್ಟುಗಳ (ಫಿಸಿಯೋ) ಸುಮಾರು 32,000 ಭೇಟಿಗಳನ್ನು ಗಮನಿಸಿದ ಸಮೀಕ್ಷೆಯೊಂದು 2001ರಲ್ಲಿ ಬಂತು. ಅದರಲ್ಲಿ ಗಂಭೀರ ಅಪಾಯ ಒಂದೂ ವರದಿಯಾಗಿರಲಿಲ್ಲ. ಆದರೆ ಅವರೆಲ್ಲ ತರಬೇತಿ ಪಡೆದವರು, ಅಲ್ವಾ?

ಇನ್ನು ಯಾರಿಗೆ ಚುಚ್ಚಬಹುದು ಎನ್ನುವುದು. ಇದರಲ್ಲಿ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆಯ ಮಾತೇ ನಡೆಯುತ್ತದೆ. ಸೊಂಟ ನೋವಿಗೆ ಅಕ್ಯುಪಂಕ್ಚರ್ ಕೊಡಿ ಎಂದು 2009ರಲ್ಲಿ ಹೇಳಿದ್ದು ಅವರೇ, ಕೊಡಬೇಡಿ ಎಂದು 2016ರಲ್ಲಿ ಹೇಳಿದ್ದೂ ಅವರೇ. ಶಾಮ್ ಸೂಜಿಗಿಂತ (ಹೋಲಿಕೆಗಾಗಿ ಚುಚ್ಚಿದಂತೆ ನಟಿಸುವ ಸುಳ್ಳು ಚಿಕಿತ್ಸೆ) ಹೆಚ್ಚಿನ ಗುಣ ಕಾಣಲಿಲ್ಲ ಎಂಬುದು ಅವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕ್ಲಿನಿಕ್ಕಿನಲ್ಲಿ ಸೊಂಟ ನೋವಿಗೆ ಸೂಜಿ ಮುಟ್ಟುವುದಿಲ್ಲ. 2021ರಲ್ಲಿ ದೀರ್ಘಕಾಲದ ಪ್ರೈಮರಿ ನೋವಿಗೆ (ಬೇರೆ ಕಾಯಿಲೆ ಕಾರಣವೆಂದು ಹೇಳಲಾಗದ ನೋವು) ಮತ್ತೆ ದಾರಿ ಬಿಟ್ಟರು. ಒಬ್ಬ ರೋಗಿಗೆ ಒಟ್ಟು ಐದು ಗಂಟೆ ಮೀರಬಾರದು, ಖರ್ಚು ಎನ್‌ಎಚ್‌ಎಸ್ ಸಂಬಳ ಶ್ರೇಣಿಯ ಬ್ಯಾಂಡ್ 7 ಸಿಬ್ಬಂದಿಯ ಮಟ್ಟ ದಾಟಬಾರದು. ಅಂದರೆ ನನ್ನಂಥ ಡಾಕ್ಟರು ಈ ಕೆಲಸಕ್ಕೆ ದುಬಾರಿ! ಆ ರೋಗಿಗಳನ್ನು ಈಗ ನಮ್ಮ ಫಿಸಿಯೋ ನೋಡುತ್ತಾರೆ. ಮಾತ್ರೆ ಒಗ್ಗದ ಮೈಗ್ರೇನ್‌ನವರು ಮಾತ್ರ ನನ್ನ ಪಾಲಿಗೆ, ಹೆಚ್ಚೆಂದರೆ ಹತ್ತು ಸಲ.