ಕಾರ್ಡ್ ಎಣಿಸುವುದು ಬಿಟ್ಟು ರಿಪೋರ್ಟ್ ಎಣಿಸಿದೆ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾಯಿತು. ರೋಗಿಗೊಂದು ಆಭಾ ಸಂಖ್ಯೆ ಕೊಟ್ಟು, ಅವರ ಆರೋಗ್ಯ ದಾಖಲೆಗಳನ್ನೆಲ್ಲ ಅದಕ್ಕೆ ಜೋಡಿಸುವ ಯೋಜನೆ ಇದು. ಅಂದಿನಿಂದ ನಮ್ಮ ಆಸ್ಪತ್ರೆಯ ಮೀಟಿಂಗುಗಳಲ್ಲಿ ಒಂದೇ ಪ್ರಶ್ನೆ, "ಆಭಾ ಎಷ್ಟಾಯ್ತು?" ನಾನೂ ಎರಡು ವರ್ಷ ಅದನ್ನೇ ಬರೆದುಕೊಟ್ಟೆ. ಸಂಖ್ಯೆ ಏರುತ್ತಲೇ ಇತ್ತು. ಡಾಕ್ಟರ ಮೇಜಿನ ಮೇಲೆ ಮಾತ್ರ ಅದೇ ಪ್ಲಾಸ್ಟಿಕ್ ಚೀಲ, ನಾಲ್ಕು ಮಡಿಕೆಯ ಅದೇ ರಿಪೋರ್ಟು.

ಮತ್ತೆ ಬಂದ ರೋಗಿಯ ಹಳೇ ದಾಖಲೆ ಡಾಕ್ಟರ ಪರದೆಯಲ್ಲಿ ತೆರೆಯಿತೇ? ಇದೊಂದನ್ನೇ ಎಣಿಸೋಣ ಅಂದೆ. "ಯಾವ ಕಾಲಮ್ಮಿಗೆ ಹಾಕ್ತೀರಿ?" ಅಂತ ಮೀಟಿಂಗಿನಲ್ಲಿ ಕೇಳಿದರು.

ಮೊದಲು ಇಬ್ಬರು ಹುಡುಗರನ್ನು ಕೂರಿಸಿ ರೋಗಿಗಳಿಗೆ ಫೋನ್ ಮಾಡಿಸಿದೆ. ಹದಿನೈದಿಪ್ಪತ್ತು ಸಾವಿರ ನೀರಿಗೆ ಹೋಯಿತು. ಐದು ಲಕ್ಷದ ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡನ್ನೇ ಆಭಾ ಅಂದುಕೊಂಡು ಎಲ್ಲರೂ "ಆಗಿದೆ ಸಾರ್" ಅಂದರು. ಆಮೇಲೆ ಆಭಾಗೆ ಎಷ್ಟು ದಾಖಲೆ ಜೋಡಿಸಿದೆ ಅನ್ನುವ ಸಾಫ್ಟ್‌ವೇರಿನ ಲಿಂಕ್ ಲೆಕ್ಕ ಹಿಡಿದೆ. ತೆರೆದು ನೋಡಿದರೆ ಅರ್ಧಕ್ಕರ್ಧ ಬರೀ ಒಪಿಡಿ ನೋಂದಣಿ, ಒಳಗೆ ರಿಪೋರ್ಟೇ ಇಲ್ಲ.

ಕೊನೆಗೆ ಕೈಹಿಡಿದದ್ದು ನೂರು ರೂಪಾಯಿಯ ರೂಲ್ ಹಾಕಿದ ರಿಜಿಸ್ಟರು. ವಾರಕ್ಕೊಂದು ಬಿಪಿ-ಶುಗರ್ ದಿನ, ಮರಳಿ ಬಂದವರಲ್ಲಿ 30 ಜನ, ಹಳೇ ದಾಖಲೆ ತೆರೆಯಿತೋ ಇಲ್ಲವೋ ಅಂತ ಡಾಕ್ಟರ ಪಕ್ಕದಲ್ಲೇ ನಿಂತು ಗುರುತು. ಮೊದಲ ತಿಂಗಳು ಮೂವತ್ತಕ್ಕೆ ಎರಡೋ ಮೂರೋ.

ಯಾಕೆ ತೆರೆಯಲ್ಲ ಅಂತ ತಿಳಿದದ್ದು ಒಬ್ಬ ಅಜ್ಜಿಯಿಂದ. ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಬೇರೆ ಆಸ್ಪತ್ರೆಯಲ್ಲಿ ಮಾಡಿಸಿದ್ದರು. ಅದನ್ನು ನಾವು ನೋಡಲು ಅಜ್ಜಿಯ ಒಪ್ಪಿಗೆ ಬೇಕು, ಒಪ್ಪಿಗೆ ಕೇಳುವ ಸಂದೇಶ ಹೋದದ್ದು ಬೆಂಗಳೂರಿನಲ್ಲಿ ಆಟೋ ಓಡಿಸುವ ಮಗನ ಫೋನಿಗೆ. ಅಜ್ಜಿ ಅರ್ಧ ಗಂಟೆ ಕಾದು, ಚೀಲದಿಂದ ಕಾಗದ ತೆಗೆದುಕೊಟ್ಟರು. ಅವತ್ತಿನಿಂದ ನೋಂದಣಿಯಲ್ಲೇ "ಈ ನಂಬರ್ ಈಗ ಯಾರ ಕೈಲಿದೆ ಅಮ್ಮಾ?" ಅಂತ ಕೇಳಿಸಿ, ಮನೆಯಲ್ಲಿರುವವರ ನಂಬರಿಗೆ ಬದಲಿಸುತ್ತಾ ಬಂದೆವು. ಏಳೆಂಟು ತಿಂಗಳಿಗೆ ಲೆಕ್ಕ ಹನ್ನೊಂದು-ಹನ್ನೆರಡಕ್ಕೆ ಬಂತು. ಡ್ಯಾಶ್‌ಬೋರ್ಡಿನ ಲಕ್ಷಗಳಿಗಿಂತ ಈ ಹನ್ನೆರಡೇ ನನಗೆ ದೊಡ್ಡದು.

ನಡುವೆ, ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಂದಣಿ ವಿವರ ಕಳಿಸುವ ಸ್ಕ್ಯಾನ್ ಅಂಡ್ ಶೇರ್ ಕ್ಯೂಆರನ್ನು ಔಷಧಿ ಕಿಟಕಿಯ ಹತ್ತಿರವೂ ಅಂಟಿಸಿ ನೋಡಿದೆ. ಮಾತ್ರೆ ಸಿಕ್ಕ ಮೇಲೆ ಯಾರು ಫೋನ್ ತೆಗೆಯುತ್ತಾರೆ? ವಾರದಲ್ಲೇ ಕಿತ್ತೆ.

ದುಡ್ಡಿನ ಮಾತು: 2023ರ ಜನವರಿಯಿಂದ ಜಾರಿಯಾದ ಪ್ರೋತ್ಸಾಹಧನ ಯೋಜನೆಯಲ್ಲಿ, ನಿಗದಿತ ಮಟ್ಟ ದಾಟಿದ ಮೇಲೆ ಆಭಾಗೆ ಜೋಡಿಸಿದ ಪ್ರತಿ ದಾಖಲೆಗೆ ಆಸ್ಪತ್ರೆಗೆ 20 ರೂಪಾಯಿ ಇಟ್ಟಿದ್ದರು. ಜೋಡಿಸಿದ್ದಕ್ಕೆ ದುಡ್ಡಿತ್ತು, ತೆರೆದು ನೋಡಿದ್ದಕ್ಕಿರಲಿಲ್ಲ. ಅದಕ್ಕೇ ಜೋಡಣೆ ಓಡಿತು, ಓದು ನಿಂತಿತು.

ಕಾಲಮ್ ಎಲ್ಲಿ ಅಂದವರೇ ಈಗ ನಮೂನೆ ಕೇಳಿದ್ದಾರೆ, ಕೊಟ್ಟಿದ್ದೇನೆ. ಆ ಮೂವತ್ತು ಜನರನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಗೊತ್ತಾದರೆ ಆ ಮೂವತ್ತು ಜನರ ರಿಪೋರ್ಟಷ್ಟೇ ಹಿಂದಿನ ದಿನ ಏರಿಸಿಟ್ಟಿರುತ್ತಾರೆ.