ಗಂಜಿ ಹಾಕುವವರು ಯಾರು?

ಜಿಲ್ಲಾ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದಿದ್ದ ಅಜ್ಜನೊಬ್ಬರನ್ನು ಹತ್ತನೇ ದಿನಕ್ಕೆ ಮನೆಗೆ ಕಳಿಸಿದೆವು. ನುಂಗಲು ಆಗುತ್ತಿರಲಿಲ್ಲ, ಮೂಗಿನಿಂದ ಹೊಟ್ಟೆಗೆ ಗಂಜಿ ಇಳಿಸುವ ರೈಲ್ಸ್ ಟ್ಯೂಬ್ ಹಾಕಿತ್ತು. ಗಂಜಿ ಹಾಕುವ ಕ್ರಮವನ್ನು ಮಗನಿಗೆ ನಾನೇ ಹೇಳಿದೆ. ಅವರು ತಲೆಯಾಡಿಸಿದರು, ಸಹಿ ಹಾಕಿದರು, ಆಟೋ ಹತ್ತಿದರು. ಐದನೇ ದಿನ ಅಜ್ಜ ಮೈಸುಡುವ ಜ್ವರ, ಗೊರಗೊರ ಉಸಿರಿನೊಂದಿಗೆ ವಾಪಸ್ ಬಂದರು. ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು.

ಮನೆಯಲ್ಲಿ ಗಂಜಿ ಹಾಕುತ್ತಿದ್ದದ್ದು ಸೊಸೆ. ಆ ಹತ್ತು ದಿನವೂ ಆಕೆ ಬುತ್ತಿ ತಂದು ವಾರ್ಡಿನ ಹೊರಗೆ ಕೂತಿರುತ್ತಿದ್ದರು. ನಾನು ಒಮ್ಮೆಯೂ ಒಳಗೆ ಕರೆದಿರಲಿಲ್ಲ. "ಮಲಗಿದ್ದ ಹಾಗೇ ಹಾಕ್ದೆ ಸಿಸ್ಟರ್, ಕೂರಿಸ್ಬೇಕು ಅಂತ ನಂಗೆ ಯಾರೂ ಹೇಳ್ಲಿಲ್ಲ" ಅಂದರು. ಅಜ್ಜ ಉಳಿದರು. ಆ ಮಾತು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಲ್ಲಿಂದ ಈಚೆಗೆ ರೋಗಿ ದಾಖಲಾದ ದಿನವೇ ಕೇಳುತ್ತೇನೆ: ಮನೆಗೆ ಹೋದ ಮೇಲೆ ಇವರನ್ನು ಎತ್ತಿ ಕೂರಿಸುವವರು, ಉಣಿಸುವವರು, ರಾತ್ರಿ ಏಳುವವರು ಯಾರು? ಆ ಹೆಸರನ್ನು ಬರೆದಿಟ್ಟುಕೊಂಡು ಅವರನ್ನೇ ಒಳಗೆ ಕರೆಯುತ್ತೇನೆ. ಹೇಳುವುದು ಕಡಿಮೆ, ಮಾಡಿಸುವುದು ಜಾಸ್ತಿ. ಮೊದಲ ದಿನ ನಾನು ಮಾಡುವುದನ್ನು ಅವರು ನೋಡುತ್ತಾರೆ, ಮರುದಿನ ಅವರ ಕೈ ಹಿಡಿದು ಮಾಡಿಸುತ್ತೇನೆ, ಮೂರನೇ ದಿನ ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತೇನೆ.

ಅಜ್ಜ ಎರಡನೇ ಸಲ ದಾಖಲಾದಾಗ ಅದೇ ಸೊಸೆ ಕಲಿತದ್ದು ಹೀಗೆ. ಬಳೆ ಮೇಲಕ್ಕೆ ಸರಿಸಿಕೊಂಡರು. ಮಾವನ ಬೆನ್ನಿಗೆ ಎರಡು ದಿಂಬು ಕೊಟ್ಟು ಎದೆ ಮೇಲಕ್ಕೆ ಏಳುವಂತೆ ಒರಗಿಸಿದರು. ಟ್ಯೂಬಿನ ಮೇಲಿನ ಗುರುತು ಮೂಗಿನ ಹೊಳ್ಳೆಯ ಹತ್ತಿರವೇ ಇದೆಯಾ ನೋಡಿದರು. ಸಿರಿಂಜನ್ನು ಒತ್ತದೆ ಎತ್ತರಕ್ಕೆ ಹಿಡಿದರು, ಸೋಸಿದ ರಾಗಿ ಗಂಜಿ ತಾನಾಗಿಯೇ ನಿಧಾನಕ್ಕೆ ಇಳಿಯಿತು. ಕೊನೆಗೆ ಸ್ವಲ್ಪ ನೀರು. ಆಮೇಲೂ ಒಂದು ಗಂಟೆ ಒರಗಿಸಿಯೇ ಇಡಬೇಕು ಅಂತ ನಾನು ಹೇಳುವ ಮೊದಲೇ ಅವರು ಹೇಳಿದರು.

ಹೀಗೆ ಮೊದಲೇ ಶುರುಮಾಡಿದರೆ ಮನೆಗೆ ಹೋಗುವುದೂ ಬೇಗ ಆಗುತ್ತದೆ. ಡಾಕ್ಟರು ಬಿಡುಗಡೆ ಬರೆದ ದಿನ "ಇನ್ನೆರಡು ದಿನ ಇರ್ಲಿ ಸಿಸ್ಟರ್, ಭಯ ಆಗತ್ತೆ" ಅನ್ನುವ ಮನೆಯವರು ಈಗ ಕಡಿಮೆ. ವಯಸ್ಸಾದವರಿಗೆ ಆ ಎರಡು ದಿನವೂ ಹೊರೆಯೇ. ಮಲಗಿದಷ್ಟೂ ಕಾಲಿನ ಶಕ್ತಿ ಇಳಿಯುತ್ತದೆ, ವಾರ್ಡಿನ ಸೋಂಕು ಬೇರೆ. ಡಾಕ್ಟರು ಒಪ್ಪಿದ ಕೂಡಲೇ ಬೆಡ್‌ಪ್ಯಾನ್ ತೆಗೆಸಿ, ತೋಳು ಹಿಡಿದಾದರೂ ಶೌಚಾಲಯದವರೆಗೆ ನಡೆಸುತ್ತೇವೆ.

ಮಾತ್ರೆಗಳದ್ದು ಇನ್ನೊಂದು ಕಥೆ. ಬಿಡುಗಡೆಗೆ ಮೊದಲು ಮನೆಯಲ್ಲಿರುವ ಮಾತ್ರೆ ಚೀಲ ಪೂರ್ತಿ ತರಲು ಹೇಳುತ್ತೇನೆ. ತಲೆ ಸುತ್ತಿ ಬಿದ್ದು ಬಂದ ಒಬ್ಬ ಅಮ್ಮನ ಚೀಲವನ್ನು ಮಂಚದ ಮೇಲೆ ಸುರಿದಾಗ ಎರಡು ಕಂಪನಿ ಹೆಸರಿನ ಬಿಪಿ ಮಾತ್ರೆ ಸಿಕ್ಕವು. ಎರಡರ ಒಳಗೂ ಇದ್ದದ್ದು ಆಮ್ಲೋಡಿಪಿನ್ ಅನ್ನುವ ಒಂದೇ ಔಷಧಿ. ಹಳೆಯದೂ ಹೊಸದೂ ಸೇರಿಸಿ ನುಂಗುತ್ತಿದ್ದರು. ಓದು ಬಾರದವರಿಗೆ ರಟ್ಟಿನ ಮೇಲೆ ಸೂರ್ಯ, ಚಂದ್ರ ಬರೆದು ಮಾತ್ರೆ ಹಾಳೆಯ ಒಂದೊಂದು ಚೂರನ್ನು ಅಂಟಿಸಿ ಕೊಡುತ್ತೇನೆ. ಹೃದಯ ಸೋತವರಿಗೆ ಮೈಯಲ್ಲಿ ನೀರು ತುಂಬುತ್ತಿದೆಯಾ ಅಂತ ತಿಳಿಯಲು ದಿನಾ ಬೆಳಗ್ಗೆ ತೂಕ ನೋಡಿಕೊಳ್ಳಲು ಹೇಳುತ್ತೇವೆ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ತಡಮಾಡದೆ ಬರಬೇಕು. ತೂಕದ ಯಂತ್ರ ಇಲ್ಲದ ಮನೆಗೆ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುತ್ತದಾ ನೋಡುವುದನ್ನು ಕಲಿಸುತ್ತೇನೆ.

ಮನೆಗೆ ಹೋದ ಮೂರನೇ ದಿನ ಫೋನ್ ಮಾಡುತ್ತೇನೆ. "ಹೇಗಿದ್ದಾರೆ" ಅಂದರೆ ಎಲ್ಲರೂ "ಚೆನ್ನಾಗಿದ್ದಾರೆ" ಅನ್ನುತ್ತಾರೆ. ಅದಕ್ಕೇ ಬೆಳಗ್ಗೆ ಯಾವ ಮಾತ್ರೆ ಕೊಟ್ಟಿರಿ, ಮಲಗಿ ಮಲಗಿ ಬೆನ್ನು, ಸೊಂಟ ಕೆಂಪಾಗಿದೆಯಾ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಿದಿರಿ ಅಂತ ಕೇಳುತ್ತೇನೆ.

ಕರೆಯಲು ಮನೆಯಲ್ಲಿ ಯಾರೂ ಇಲ್ಲದವರ ವಿಷಯದಲ್ಲಿ ನನಗೆ ಇನ್ನೂ ಒಳ್ಳೆಯ ದಾರಿ ಸಿಕ್ಕಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ, ಪಕ್ಕದ ಮನೆಯವರು ಯಾರಾದರೂ ಬರುತ್ತಾರಾ ಕೇಳುತ್ತೇನೆ. ಅಷ್ಟರವರೆಗೆ ಅವರನ್ನು ವಾರ್ಡಿನಲ್ಲೇ ಇರಿಸಿಕೊಳ್ಳಲು ಡಾಕ್ಟರ ಹತ್ತಿರ ಬೇಡುತ್ತೇನೆ.